ಎರಡು ಮೈಲಿಗಲ್ಲುಗಳ ನಡುವಿನ ಬೈಲಹೊಂಗಲ



ಕಿತ್ತೂರು ಎಂದೊಡನೆ ನಮ್ಮ ಮನೆಯ ಮಕ್ಕಳು ಒಂದು ದಿನಾಂಕವನ್ನು ಥಟ್ಟನೆ ಹೇಳಿಬಿಡುತ್ತಾರೆ: 1824ರ ಅಕ್ಟೋಬರ್ 23. ಶಾಲೆಯ ಪಾಠ, ವರ್ಷಕ್ಕೊಮ್ಮೆ ನಡೆಯುವ ಕಿತ್ತೂರು ಉತ್ಸವ, 1961ರಲ್ಲಿ ತೆರೆಕಂಡ ಬಿ.ಆರ್. ಪಂತುಲು ಅವರ ಚಲನಚಿತ್ರ, 2024ರಲ್ಲಿ ಸಂಭ್ರಮದಿಂದ ಜರುಗಿದ ವಿಜಯದ ಇನ್ನೂರನೆಯ ವರ್ಷದ ಆಚರಣೆ, ಇವೆಲ್ಲವೂ ಆ ಒಂದು ದಿನವನ್ನೇ ಸುತ್ತುತ್ತವೆ. ಅಂದು ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಹತನಾದ. ಪಾಠಪುಸ್ತಕ ಅಲ್ಲಿಂದ ಒಂದು ಹೆಜ್ಜೆ ಜಿಗಿದು ಡಿಸೆಂಬರ್ 5ಕ್ಕೆ ಬರುತ್ತದೆ. ಕೋಟೆ ಕಂಪನಿಯ ವಶವಾಯಿತು. ಮತ್ತೊಂದು ಜಿಗಿತ: 1829ರ ಫೆಬ್ರುವರಿ, ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮನವರ ನಿಧನ. ಇನ್ನೊಂದು ಜಿಗಿತ: 1831ರ ಜನವರಿ 26, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಗಲ್ಲು. ನಾಲ್ಕು ದಿನಾಂಕ, ನಾಲ್ಕು ಅಂಕ, ಪಾಠ ಮುಗಿಯಿತು.

ಒಂದು ಸಣ್ಣ ಲೆಕ್ಕ ಮಾಡೋಣ. ಕೋಟೆ ಬಿದ್ದ ದಿನಕ್ಕೂ ರಾಣಿಯ ಮರಣಕ್ಕೂ ನಡುವೆ ನಾಲ್ಕು ವರ್ಷ ಎರಡು ತಿಂಗಳ ಅಂತರವಿದೆ. ದಿನಗಳಲ್ಲಿ ಹೇಳುವುದಾದರೆ ಸುಮಾರು 1500. ಆ ಸಾವಿರದ ಐನೂರು ಬೆಳಗುಗಳಲ್ಲಿಯೂ ಚೆನ್ನಮ್ಮನವರು ಎದ್ದಿದ್ದಾರೆ, ಮುಖ ತೊಳೆದಿದ್ದಾರೆ, ಊಟ ಮಾಡಿದ್ದಾರೆ, ಯಾರೊಡನೆಯೋ ಮಾತಾಡಿದ್ದಾರೆ. ಯುದ್ಧ ನಡೆದದ್ದು ಬೆರಳೆಣಿಕೆಯ ದಿನಗಳು ಮಾತ್ರ. ನಮಗೆ ಆ ಬೆರಳೆಣಿಕೆಯ ದಿನಗಳು ಬಾಯಿಪಾಠ. ಸಾವಿರದ ಐನೂರು ದಿನಗಳಿಗೆ ಒಂದು ಸಾಲೂ ಇಲ್ಲ. ಈ ಲೇಖನವನ್ನು ಆ ಸಾಲಿಲ್ಲದ ದಿನಗಳಿಗಾಗಿ ಬರೆಯುತ್ತಿದ್ದೇನೆ. ಏಕೆಂದರೆ ಓದುಗರೇ, ನಿಮ್ಮ ಹಾಗೂ ನನ್ನ ಬದುಕಿನ ಬಹುಪಾಲು ಕೂಡ ಅಂಥ ದಿನಗಳಿಂದಲೇ ಕೂಡಿದೆ.

‘ಮೈಲಿಗಲ್ಲು’ ಎಂಬ ಪದವನ್ನು ನಾವು ಇಂದು ಸಾಧನೆಯ ಅರ್ಥದಲ್ಲಿ ಧಾರಾಳವಾಗಿ ಬಳಸುತ್ತೇವೆ. ಈ ಪದಕ್ಕೆ ನಮ್ಮ ನಾಡಿನಲ್ಲಿ ಅಷ್ಟೇನೂ ವಯಸ್ಸಾಗಿಲ್ಲ. ಮೈಲು ಎಂಬ ಅಳತೆಯೇ ಕಂಪನಿ ಸರ್ಕಾರದ ರಸ್ತೆಗಳೊಂದಿಗೆ ಬಂದದ್ದು. ಅದಕ್ಕೆ ಮೊದಲು ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿಯೂ ಗಾವುದದಲ್ಲಿಯೂ ಹೇಳುತ್ತಿದ್ದರು. ಕಾಲವನ್ನು ಹೊತ್ತಿನಲ್ಲಿ ಹೇಳುತ್ತಿದ್ದರು. ಬೆಳ್ಳಿ ಮೂಡುವ ಹೊತ್ತು, ದನ ಬಿಡುವ ಹೊತ್ತು, ದೀಪ ಹಚ್ಚುವ ಹೊತ್ತು. ಹೊತ್ತು ಎಂಬುದು ಒಳಗೆ ಇರುವಂಥದ್ದು. ಮೈಲಿಗಲ್ಲು ದಾಟಿ ಹೋಗುವಂಥದ್ದು. ಅದರ ಮೇಲೆ ಬರೆದಿರುವುದು ಮುಂದಿನ ಊರಿನ ಹೆಸರು. ನೀವು ನಿಂತ ಊರಿನ ಹೆಸರು ಅದರ ಮೇಲೆ ಇರುವುದಿಲ್ಲ.

ಥ್ಯಾಕರೆ ಆ ಹೊಸ ಅಳತೆಯ ಮನುಷ್ಯ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಬಾಲಕನೊಬ್ಬನನ್ನು ದತ್ತಕ ತೆಗೆದುಕೊಂಡ ವಿಷಯದ ಕಾಗದ ಧಾರವಾಡಕ್ಕೆ ತಲುಪಿತು. ಥ್ಯಾಕರೆ ಅದನ್ನು ನಂಬಲಿಲ್ಲ. ತಾನೇ ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿದ, ಕಾವಲು ಇರಿಸಿದ. ಸಾವಿನ ಸೂತಕದ ಮನೆಯಲ್ಲಿ ಲೆಕ್ಕಪತ್ರ ಕೇಳುವವನ ಅವಸರ ಅವನದು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಲು ಕೆಲವೇ ನಿಮಿಷಗಳ ಗಡುವು ಕೊಟ್ಟು, ತೋಪುಗಳನ್ನು ಸಿದ್ಧಮಾಡಿ ನಿಂತ. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತೆರೆಯಿತು, ಆದರೆ ಹೊರಬಂದದ್ದು ಕಿತ್ತೂರಿನ ಪಡೆ. ಥ್ಯಾಕರೆಯನ್ನು ಉರುಳಿಸಿದವನು ಅಮಟೂರು ಬಾಳಪ್ಪ ಎಂದು ಈ ನಾಡಿನ ಜನ ಇಂದಿಗೂ ಹಾಡಿ ಹೊಗಳುತ್ತಾರೆ.

ಪಂಚಾಂಗದ ರೀತಿಯಲ್ಲಿ ಚಂದ್ರನ ಗತಿಯನ್ನು ಹಿಂದಕ್ಕೆ ಎಣಿಸಿ ನೋಡಿದರೆ, ಆ ದಿನ ದೀಪಾವಳಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಬರುತ್ತದೆ. ಸೀಗೆ ಹುಣ್ಣಿಮೆ ಕಳೆದು ಹದಿನೈದು ದಿನ. ಮಲಪ್ರಭೆಯ ದಂಡೆಯ ಎರೆಭೂಮಿಯಲ್ಲಿ ಹಿಂಗಾರಿಯ ಜೋಳ ಆಗಷ್ಟೇ ಮೊಳಕೆಯೊಡೆಯುವ ಕಾಲ. ಕಂಪನಿಯ ಗಡಿಯಾರ ನಿಮಿಷ ಎಣಿಸುತ್ತಿದ್ದಾಗ ಊರಿನ ಜನ ಹುಣ್ಣಿಮೆ ಅಮಾವಾಸ್ಯೆಗಳನ್ನು ಎಣಿಸುತ್ತಿದ್ದರು.

ಈಗ ನಾನು ನಿಮ್ಮ ಗಮನವನ್ನು ಆ ದಿನ ಸೆರೆ ಸಿಕ್ಕ ಇಬ್ಬರು ಯುವಕರ ಕಡೆಗೆ ತಿರುಗಿಸಬೇಕು. ಥ್ಯಾಕರೆಯ ಕೈಕೆಳಗಿನ ಸಹಾಯಕರಾಗಿದ್ದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್. ಎಲಿಯಟ್‌ನ ವಯಸ್ಸು ಆಗ 21. ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿ ಕೆಲಸದ ಅರ್ಜಿ ಹಾಕುವ ಮಕ್ಕಳ ವಯಸ್ಸು. ಕಂಪನಿಯ ಸೇವೆಯಲ್ಲಿ ಅಂಥ ಹುಡುಗನ ಮುಂದೆ ಮೆಟ್ಟಿಲುಗಳ ಸಾಲೇ ಇತ್ತು: ಸಹಾಯಕ, ಉಪಕಲೆಕ್ಟರ್, ಕಲೆಕ್ಟರ್, ಕಮಿಷನರ್. ಇದ್ದಕ್ಕಿದ್ದಂತೆ ಮೇಲಧಿಕಾರಿ ಕಣ್ಣೆದುರೇ ಸತ್ತು, ತಾನು ಕಿತ್ತೂರಿನವರ ವಶದಲ್ಲಿ. ನಾಳೆ ಏನು ಎಂಬುದು ತಿಳಿಯದ ಸ್ಥಿತಿ. ಡಿಸೆಂಬರ್ 2ರಂದು ಬಿಡುಗಡೆಯಾಗುವವರೆಗೆ ನಲವತ್ತು ದಿನ ಆ ಇಬ್ಬರು ಕಿತ್ತೂರಿನಲ್ಲಿ ಇದ್ದರು. ರಾಣಿಯ ಕಡೆಯವರು ಅವರಿಗೆ ಹಿಂಸೆ ಕೊಡಲಿಲ್ಲ. ಇದು ಆ ಕಾಲದ ಯುದ್ಧಗಳಲ್ಲಿ ಸಾಮಾನ್ಯ ಸಂಗತಿಯಲ್ಲ. ಚೆನ್ನಮ್ಮನವರ ಶೌರ್ಯವನ್ನು ಹೊಗಳುವವರು ಇದನ್ನೂ ಸೇರಿಸಿ ಹೊಗಳಬೇಕು.

ಬಿಡುಗಡೆಯಾದ ಎಲಿಯಟ್ ಈ ನಾಡನ್ನು ಬಿಟ್ಟು ಓಡಲಿಲ್ಲ. 1833ರವರೆಗೆ ಇಲ್ಲಿಯೇ ಇದ್ದ. ಕನ್ನಡ ಕಲಿತ. ಮರಾಠಿಯೇ ಕಚೇರಿಯ ಭಾಷೆಯಾಗಿದ್ದ ದಿನಗಳಲ್ಲಿ ಧಾರವಾಡದ ಕಡೆ ಕನ್ನಡ ಶಾಲೆಗಳಿಗೆ ಒತ್ತಾಸೆಯಾಗಿ ನಿಂತವನೆಂದು ಆತನನ್ನು ಇಂದಿಗೂ ನೆನೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಹಾದಿಬದಿಯಲ್ಲಿ, ಹಾಳುಗುಡಿಗಳಲ್ಲಿ, ಊರ ಹೊರಗಿನ ಕೆರೆಯ ಏರಿಗಳಲ್ಲಿ ಬಿದ್ದಿದ್ದ ಹಳಗನ್ನಡದ ಶಿಲಾಶಾಸನಗಳ ಮುಂದೆ ಕುಳಿತು ಅವುಗಳ ಪ್ರತಿ ಮಾಡಿಸಿದ. ಐನೂರಕ್ಕೂ ಮಿಗಿಲಾದ ಶಾಸನಗಳ ಪ್ರತಿಗಳು ಆತನ ಸಂಗ್ರಹದಲ್ಲಿ ಸೇರಿದವು. ಚಾಲುಕ್ಯರು, ರಾಷ್ಟ್ರಕೂಟರು, ಕಳಚುರಿಗಳು ಎಂದು ನಾವು ಇಂದು ಸರಾಗವಾಗಿ ಹೇಳುವ ಅರಸುಮನೆತನಗಳ ಕ್ರಮವನ್ನು ಮೊದಲಬಾರಿಗೆ ಜೋಡಿಸಿದವರಲ್ಲಿ ಆತನೂ ಒಬ್ಬ. ಒಂದು ಶಾಸನದ ಪ್ರತಿ ಮಾಡುವುದೆಂದರೆ ಏನೆಂದು ಬಲ್ಲವರು ಬಲ್ಲರು. ಕಲ್ಲನ್ನು ತೊಳೆಯಬೇಕು, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕಾಯಬೇಕು, ಅಕ್ಷರದ ಮೇಲೆ ಬೆರಳಾಡಿಸಬೇಕು. ಅವಸರದವನಿಗೆ ಕಲ್ಲು ಏನನ್ನೂ ಹೇಳುವುದಿಲ್ಲ.

ಆತನ ಕಡೆಯ ದಿನದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಪ್ಪಿನಲ್ಲಿ ಎಲಿಯಟ್‌ಗೆ ಕಣ್ಣು ಹೋಯಿತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಕುರಿತ ಪುಸ್ತಕವನ್ನು ಪೂರೈಸಿದ. 1887ರ ಮಾರ್ಚ್ 1ರಂದು, 84ನೆಯ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಮನೆಯಲ್ಲಿ ತೀರಿಕೊಂಡ. ಅಂದು ಬೆಳಿಗ್ಗೆ ಆತ ಮಾಡಿದ್ದು ಇಷ್ಟು: ತಮಿಳು ವಿದ್ವಾಂಸ ಜಿ.ಯು. ಪೋಪ್ ಅವರಿಗೆ ಒಂದು ಪತ್ರ ಹೇಳಿ ಬರೆಯಿಸಿ, ತನ್ನ ಕೈಯಿಂದಲೇ ಸಹಿ ಹಾಕಿದ. ಪತ್ರದ ವಿಷಯ, ಪೋಪ್ ಅವರು ಹೊರತರಲಿದ್ದ ತಿರುಕ್ಕುರಳ್ ಆವೃತ್ತಿ. ಸರ್ ಎಂಬ ಬಿರುದು, ಕಮಿಷನರನ ಹುದ್ದೆ, ಎಲ್ಲವೂ ಹಿಂದೆ ಉಳಿದಿದ್ದವು. ಬೆಳಗಿನ ಹೊತ್ತಿಗೆ ಆತನ ಮನಸ್ಸು ಇದ್ದದ್ದು ಒಂದು ಪುಸ್ತಕದ ಮೇಲೆ.

ಎಲಿಯಟ್ ಬಿಡುಗಡೆಯಾದ ಆ ವಾರವೇ ಚೆನ್ನಮ್ಮನವರು ಸೆರೆಯಾದರು. ಹೊಸ್ತಿಲ ಹುಣ್ಣಿಮೆಯ ಆಸುಪಾಸಿನ ದಿನಗಳು ಅವು. ಸವದತ್ತಿ ಎಲ್ಲಮ್ಮನ ಸಂಪ್ರದಾಯದಲ್ಲಿ ದೇವಿ ವೈಧವ್ಯಕ್ಕೆ ಒಳಗಾಗುವ ಹುಣ್ಣಿಮೆ. ಎರಡು ತಿಂಗಳ ನಂತರದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆಯಾಗುತ್ತಾಳೆಂಬುದು ಭಕ್ತರ ನಂಬಿಕೆ. ಚೆನ್ನಮ್ಮನವರ ಪಾಲಿಗೆ ಅಂಥ ಭಾರತ ಹುಣ್ಣಿಮೆ ಬರಲಿಲ್ಲ. ಪತಿ ಮಲ್ಲಸರ್ಜ 1816ರಲ್ಲಿಯೇ ತೀರಿಕೊಂಡಿದ್ದರು. ಅವರೂ ಪೇಶ್ವೆಯ ಸೆರೆಯಲ್ಲಿ ಪುಣೆಯಲ್ಲಿ ಕಾಲ ಕಳೆದವರು. ಮಗನೂ ಇಲ್ಲ, ಸಂಸ್ಥಾನವೂ ಇಲ್ಲ. ಕಿತ್ತೂರಿನಿಂದ ಬೈಲಹೊಂಗಲದ ಕೋಟೆಗೆ ಒಯ್ದಾಗ ಆಕೆಯ ಮುಂದೆ ಮುಂದಿನ ಮೆಟ್ಟಿಲು ಎಂಬುದೇ ಉಳಿದಿರಲಿಲ್ಲ.

ಬೈಲಹೊಂಗಲದ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿರುವುದು ಎರಡು ಸಂಗತಿ. ರಾಣಿಯವರು ಪೂಜೆಯಲ್ಲಿ, ಪುರಾಣ ಶ್ರವಣದಲ್ಲಿ ದಿನ ಕಳೆಯುತ್ತಿದ್ದರು ಎಂಬುದೊಂದು. ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಬಂದು ಭೇಟಿಯಾಗುತ್ತಿದ್ದ ಎಂಬುದು ಇನ್ನೊಂದು. ನಾಟಕಗಳಲ್ಲಿ ಎರಡನೆಯದಕ್ಕೆ ಚಪ್ಪಾಳೆ ಹೆಚ್ಚು. ಅದು ಸಹಜ; ಅದರಲ್ಲಿ ಮುಂದಿನ ಯುದ್ಧದ ಸುಳಿವಿದೆ, ಕಥೆ ಮುಂದೆ ಹೋಗುತ್ತದೆ. ನನ್ನ ಮನಸ್ಸು ಮಾತ್ರ ಮೊದಲನೆಯದರಲ್ಲಿ ನಿಲ್ಲುತ್ತದೆ. ಕುದುರೆ ಸವಾರಿ ಬಲ್ಲ, ಖಡ್ಗ ಬಲ್ಲ, ರಾಜ್ಯದ ಕಂದಾಯದ ಲೆಕ್ಕ ಬಲ್ಲ ಒಬ್ಬ ಹೆಣ್ಣುಮಗಳು ನಾಲ್ಕು ಗೋಡೆಗಳ ನಡುವೆ ಕುಳಿತು ಪುರಾಣ ಕೇಳುತ್ತಿದ್ದಾಳೆ. ಕೇಳುವಾಗ ಕೇಳುವುದು ಒಂದೇ ಕೆಲಸ. ಅದರಿಂದ ಕಿತ್ತೂರು ಮರಳಿ ಸಿಗುವುದಿಲ್ಲ ಎಂಬುದು ಆಕೆಗೆ ತಿಳಿದಿತ್ತು. ಇದನ್ನು ಸೋಲಿನ ಚಿತ್ರವೆಂದು ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಸಾವಿರದ ಐನೂರು ದಿನ ಮನಸ್ಸು ಕೆಡದಂತೆ ದಿನವನ್ನು ದಿನವಾಗಿ ಬಾಳುವುದು ಎರಡು ತಾಸಿನ ಯುದ್ಧಕ್ಕಿಂತ ಸುಲಭವೆಂದು ಹೇಳುವವರು ಒಂದು ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನೋಡಬೇಕು.

ಹಾಗೆಂದು ಸೆರೆಮನೆಯನ್ನು ಸುಂದರಗೊಳಿಸಬಾರದು. ಅನ್ಯಾಯ ಅನ್ಯಾಯವೇ. ರಾಯಣ್ಣ ಎದ್ದು ನಿಂತದ್ದು ಸರಿಯಾಗಿಯೇ ಇದೆ. ತನ್ನ ಹೊಲ ಕಳೆದುಕೊಂಡವನಿಗೆ, ತನ್ನ ಒಡತಿ ಸೆರೆಯಲ್ಲಿರುವಾಗ, ಇಂದಿನಲ್ಲಿ ನೆಮ್ಮದಿಯಾಗಿರು ಎಂದು ಉಪದೇಶಿಸುವುದು ಕ್ರೌರ್ಯ. ನಾನು ಮಾತನಾಡುತ್ತಿರುವುದು ಹೊಲ, ಮನೆ, ಮಕ್ಕಳು ಎಲ್ಲ ಇದ್ದೂ, ಅವುಗಳ ನಡುವೆ ಇರಲು ಪುರುಸೊತ್ತಿಲ್ಲದ ನಮ್ಮ ಬಗ್ಗೆ.

ನಮ್ಮ ಮನೆಗಳ ಮಾತನ್ನೇ ಕೇಳಿ. ‘ಹತ್ತನೆಯದು ಒಂದು ಮುಗಿಯಲಿ’ ಎನ್ನುತ್ತೇವೆ. ಮುಗಿಯುತ್ತದೆ. ‘ಪಿಯುಸಿ ಒಂದು ದಾಟಲಿ.’ ದಾಟುತ್ತದೆ. ಆಮೇಲೆ ಕೆಲಸ, ಆಮೇಲೆ ಮದುವೆ, ಆಮೇಲೆ ಬೆಳಗಾವಿಯಲ್ಲೊಂದು ಸೈಟು, ಆಮೇಲೆ ನಿವೃತ್ತಿ. ‘ಆಮೇಲೆ ಆರಾಮ ಕೂತ್ರಾತು’ ಎಂಬ ಮಾತು ನಮ್ಮ ಭಾಗದಲ್ಲಿ ಎಷ್ಟು ಸಲ ಕಿವಿಗೆ ಬೀಳುತ್ತದೆ! ಹಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿದ್ದಾಗ, ಮರಣ ಹೊಂದಿದ ಯಜಮಾನರೊಬ್ಬರ ಮನೆಗೆ ಹೋಗಿದ್ದೆ. ಸಮಾಧಿಯ ಪೂಜೆಗೆ ಇಡಲು ಒಂದು ಭಾವಚಿತ್ರ ಬೇಕಾಗಿತ್ತು. ಅವರ ಪತ್ನಿ ಕಪಾಟಿನಿಂದ ಮೂರು ಆಲ್ಬಮ್ ತಂದು ನನ್ನ ಮುಂದೆ ಇಟ್ಟರು. ಮಕ್ಕಳ ದೀಕ್ಷಾಸ್ನಾನ, ಮೊದಲ ಪರಮಪ್ರಸಾದ, ಮಗಳ ಪದವಿ, ಮಗನ ಮದುವೆ, ಹೊಸ ಮನೆಯ ಆಶೀರ್ವಾದ. ಪುಟ ತಿರುವುತ್ತಾ ಆ ತಾಯಿ ಒಂದು ಮಾತು ಹೇಳಿದರು: “ಫಾದರ್, ಇದರಾಗ ಅವರು ಎಲ್ಲೂ ಕುಂತಿಲ್ರೀ. ಎಲ್ಲಾದ್ರಾಗೂ ನಿಂತಾರ.” ನಿಜ. ಮೂರು ಆಲ್ಬಮ್‌ಗಳಲ್ಲಿ ಆ ಮನುಷ್ಯ ಕುಳಿತಿರುವ, ಊಟ ಮಾಡುತ್ತಿರುವ, ಯಾರ ಕಡೆಗೋ ತಿರುಗಿ ನಗುತ್ತಿರುವ ಒಂದು ಚಿತ್ರವೂ ಇರಲಿಲ್ಲ. ನಿಂತಿದ್ದರು, ಮುಂದಿನ ಕೆಲಸಕ್ಕೆ ಹೊರಡುವವರಂತೆ. ನಿವೃತ್ತಿಗೆ ಏಳು ತಿಂಗಳು ಬಾಕಿ ಇತ್ತು.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವ ಅನ್ನ ಆಯಾ ದಿನದ್ದು ಎಂಬುದನ್ನು ದಿನಕ್ಕೆ ಎಷ್ಟೋ ಸಲ ಉಚ್ಚರಿಸುವ ನಾವೇ ಹೀಗೆ ಬಾಳುತ್ತೇವೆ.

ಸವದತ್ತಿಯ ಕಡೆಗೆ ಒಮ್ಮೆ ಹೋಗಿ ಬರೋಣ. ಈ ಊರಿನ ಹಳೆಯ ಹೆಸರು ಸುಗಂಧವರ್ತಿ. ರಟ್ಟ ಅರಸರ ರಾಜಧಾನಿ. 980ರಲ್ಲಿ ರಟ್ಟ ಶಾಂತಿವರ್ಮ ಇಲ್ಲಿ ತಾನು ಕಟ್ಟಿಸಿದ ಬಸದಿಗೆ ಭೂಮಿ ದಾನ ಕೊಟ್ಟ ಶಾಸನವಿದೆ. 1228ರಲ್ಲಿ ಇಮ್ಮಡಿ ಲಕ್ಷ್ಮಿದೇವನ ಕಾಲದ ಮತ್ತೊಂದು ಶಾಸನವಿದೆ. ಇಂಥ ದಾನಶಾಸನಗಳ ಒಂದು ರೀತಿಯನ್ನು ನೀವು ಗಮನಿಸಬೇಕು. ದಾನ ಕೊಟ್ಟ ದಿನವನ್ನು ಅವು ಬಲು ಅಕ್ಕರೆಯಿಂದ ಬರೆಯುತ್ತವೆ: ಶಕವರ್ಷ ಇಂತಿಷ್ಟು, ಸಂವತ್ಸರದ ಹೆಸರು ಇದು, ಮಾಸ ಇದು, ಪಕ್ಷ ಇದು, ತಿಥಿ ಇದು, ವಾರ ಇದು. ಅನಂತರ ಒಂದೇ ನೆಗೆತಕ್ಕೆ, ಈ ದಾನ ಚಂದ್ರಸೂರ್ಯರಿರುವವರೆಗೆ ನಡೆಯಲಿ ಎಂಬ ಹಾರೈಕೆ. ಒಂದು ತುದಿಯಲ್ಲಿ ಇಂದಿನ ವಾರ, ಇನ್ನೊಂದು ತುದಿಯಲ್ಲಿ ಅನಂತಕಾಲ. ನಡುವೆ ಐದು ವರ್ಷದ ಯೋಜನೆ, ಹತ್ತು ವರ್ಷದ ಗುರಿ ಇಲ್ಲ. 1228ರ ಆ ಶಾಸನ ಕಂಡರಿಸಿದ ಸುಮಾರು ಹತ್ತು ವರ್ಷದೊಳಗೆ ಸೇವುಣರ ದಂಡನಾಯಕ ಬೀಚಣನ ಕೈಯಲ್ಲಿ ರಟ್ಟರ ಆಳ್ವಿಕೆ ಮುಗಿಯಿತು. ದಾನ ಕೊಟ್ಟ ಆ ಸೋಮವಾರವೋ ಗುರುವಾರವೋ ಮಾತ್ರ ಕಲ್ಲಿನ ಮೇಲೆ ಹಾಗೆಯೇ ಇದೆ.

ಕಿತ್ತೂರಿನ ಹಾಳು ಅರಮನೆಯಲ್ಲಿಯೂ ಅಂಥದೇ ಒಂದು ಗುರುತಿದೆ. ಧ್ರುವನಕ್ಷತ್ರವನ್ನು ನೋಡುತ್ತಿದ್ದರೆಂದು ಪ್ರವಾಸಿಗರಿಗೆ ತೋರಿಸುವ ಒಂದು ಸ್ಥಳ. ನಕ್ಷತ್ರಗಳೆಲ್ಲ ರಾತ್ರಿಯಿಡೀ ಸರಿದುಹೋಗುವಾಗ ಇದೊಂದು ನಿಂತಲ್ಲಿಯೇ ನಿಂತಂತೆ ಕಾಣುತ್ತದೆ. ಶಾಲಾ ಪ್ರವಾಸದ ಮಕ್ಕಳು ಅಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದು ಮುಂದಿನ ಸ್ಥಳಕ್ಕೆ ಓಡುತ್ತಾರೆ. ಶಿಕ್ಷಕರೇ ‘ಬೇಗ, ಬೇಗ’ ಎನ್ನುತ್ತಿರುತ್ತಾರೆ. ಅವರಿಗೆ ಸಂಜೆಯೊಳಗೆ ಇನ್ನೂ ಮೂರು ಸ್ಥಳ ಮುಗಿಸಬೇಕು.

ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ರಾಮ ಶಬರಿಯನ್ನು ಕಂಡದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ. ಅವಳ ಕಥೆ ನಿಮಗೆಲ್ಲ ಗೊತ್ತು. ಕಾಯುವಿಕೆಯ ಕಥೆಯೆಂದು ಅದನ್ನು ಹೇಳುತ್ತೇವೆ. ಆದರೆ ನಮ್ಮ ಹೆಣ್ಣುಮಕ್ಕಳು ಹೇಳುವ ರೀತಿಯಲ್ಲಿ ಕೇಳಿದರೆ ಅದು ಬೋರೆಹಣ್ಣಿನ ಕಥೆ. ಕಸ ಗುಡಿಸುವುದು, ಕಾಡಿಗೆ ಹೋಗುವುದು, ಹಣ್ಣು ಆರಿಸುವುದು, ಸಿಹಿಯೋ ಹುಳಿಯೋ ಎಂದು ತಾನೇ ಕಚ್ಚಿ ನೋಡುವುದು. ಅತಿಥಿ ಬರುವ ದಿನ ಗೊತ್ತಿಲ್ಲದ್ದರಿಂದ ಪ್ರತಿದಿನವೂ ಅದೇ ದಿನವಾಗಿತ್ತು ಅವಳಿಗೆ. ಮುಖ್ಯವಾದದ್ದು, ಅವಳು ಹಣ್ಣಿನ ರುಚಿ ನೋಡುತ್ತಿದ್ದಳು. ಕಾಯುವವರು ಸಾಮಾನ್ಯವಾಗಿ ಅದನ್ನು ಮರೆಯುತ್ತಾರೆ.

ಇದೇ ಮಲಪ್ರಭೆ 2019ರ ಆಗಸ್ಟಿನಲ್ಲಿ ರಾಮದುರ್ಗದ ದಂಡೆಯ ಮನೆಗಳಿಗೆ ನುಗ್ಗಿದಾಗ, ವರ್ಷಗಟ್ಟಲೆ ಕೂಡಿಟ್ಟದ್ದು ಒಂದೆರಡು ದಿನದಲ್ಲಿ ಕೆಸರಾಯಿತು. ಕೂಡಿಡಬಾರದಿತ್ತು ಎಂದು ನಾನು ಹೇಳುವುದಿಲ್ಲ. ಮಕ್ಕಳಿಗಾಗಿ ಕೂಡಿಡದ ತಂದೆತಾಯಿ ಯಾರು? ಬೀರುವಿನಲ್ಲಿ ‘ಹಬ್ಬಕ್ಕೆ’ ಎಂದು ಎತ್ತಿಟ್ಟ ಸೀರೆ, ‘ಬೀಗರು ಬಂದಾಗ’ ಎಂದು ಎತ್ತಿಟ್ಟ ಪಾತ್ರೆ ನಮ್ಮೆಲ್ಲರ ಮನೆಯಲ್ಲಿಯೂ ಇವೆ. ಅವುಗಳಲ್ಲಿ ಒಂದನ್ನು ಈ ವಾರ ಹೊರಗೆ ತೆಗೆದರೆ ಯಾರಿಗೂ ನಷ್ಟವಿಲ್ಲ.

ನಮ್ಮ ಒಕ್ಕಲುತನದ ಹಿರಿಯರಿಗೆ ಈ ವಿಷಯ ತಿಳಿದಿತ್ತೆಂಬುದಕ್ಕೆ ಸೀಗೆ ಹುಣ್ಣಿಮೆಗಿಂತ ಬೇರೆ ಸಾಕ್ಷಿ ಬೇಡ. ಹಬ್ಬವೆಂದರೆ ಸುಗ್ಗಿಯ ನಂತರ, ಕಾಳು ಮನೆಗೆ ಬಂದ ಮೇಲೆ ಎಂಬುದು ಲೋಕದ ವಾಡಿಕೆ. ಸೀಗೆ ಹುಣ್ಣಿಮೆ ಹಾಗಲ್ಲ. ಪೈರು ಇನ್ನೂ ಹೊಲದಲ್ಲಿದೆ. ಹುಳ ಬೀಳಬಹುದು, ಮಳೆ ಕೈಕೊಡಬಹುದು, ದರ ಕುಸಿಯಬಹುದು. 1876ರಿಂದ 1878ರವರೆಗಿನ ಬರದಲ್ಲಿ ಬೆಳಗಾವಿ, ಧಾರವಾಡ ಸೀಮೆಗಳು ಹಸಿವಿನಿಂದ ನರಳಿದ್ದನ್ನು ಕಂಡ ಕುಟುಂಬಗಳಿವು. ಪೈರು ಕಣ್ಣೆದುರು ನಿಂತ ಮಾತ್ರಕ್ಕೆ ರೊಟ್ಟಿಯಾಗುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಭೂಮಿತಾಯಿ ಬಸುರಿಯೆಂದು, ಅವಳ ಬಯಕೆ ತೀರಿಸಬೇಕೆಂದು ಬಂಡಿ ಕಟ್ಟುತ್ತಾರೆ. ಸಜ್ಜೆರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಬದನೆಕಾಯಿಯ ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರು ಬುತ್ತಿ. ಹೊಲದಲ್ಲಿ ಐದು ಕಲ್ಲುಗಳನ್ನು ಆಯ್ದು ಪಾಂಡವರೆಂದು ನಿಲ್ಲಿಸಿ, ಸುಣ್ಣ ಬಳಿದು ಪೂಜಿಸುತ್ತಾರೆ. ಅವೂ ಕಲ್ಲುಗಳೇ, ಅವುಗಳ ಮೇಲೆ ದೂರ ಬರೆದಿರುವುದಿಲ್ಲ. ಆಮೇಲೆ ಒಬ್ಬರು ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ, ಹಿಂದೆ ನಡೆಯುವವರು ‘ಹುಲಿಗ್ಯೋ’ ಎಂದು ಕೂಗುತ್ತಾರೆ. ಅನಂತರ ಎಲ್ಲರೂ ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ. ಪಕ್ಕದ ಹೊಲದವರನ್ನು ಕರೆಯದೆ ಉಣ್ಣುವುದು ಅಲ್ಲಿ ಮರ್ಯಾದೆಯಲ್ಲ.

ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿದ್ದಾಗ ಅಂಥ ನಾಲ್ಕು ಸೀಗೆ ಹುಣ್ಣಿಮೆಗಳು ಬಂದು ಹೋದವು, 1825ರಿಂದ 1828ರವರೆಗೆ. ಆ ಊರಿನ ಸುತ್ತ ಎತ್ತ ನೋಡಿದರೂ ಎರೆಹೊಲಗಳೇ. ಬೆಳಿಗ್ಗೆ ಬಂಡಿಗಳು ಹೊರಟ ಗೆಜ್ಜೆಯ ಸದ್ದು, ಮಧ್ಯಾಹ್ನ ಚರಗದ ಕೂಗು ಕೋಟೆಯ ಗೋಡೆಯನ್ನು ದಾಟಿ ಒಳಗೆ ಕೇಳಿಸಿರಲೇಬೇಕು. ರೈತರ ಮನೆಯ ಯಾವಳೋ ಹೆಣ್ಣುಮಗಳು ಒಂದು ಬುತ್ತಿ ಕಟ್ಟಿ ಕಾವಲಿನವನ ಕೈಯಲ್ಲಿ ಒಳಗೆ ಕಳಿಸಿರಬಹುದೆಂದು ನಾನು ಅಂದುಕೊಳ್ಳುತ್ತೇನೆ. ಆ ಸೀಮೆಯ ಹೆಣ್ಣುಮಕ್ಕಳನ್ನು ಬಲ್ಲವರು ಯಾರೂ ಇದನ್ನು ಅಸಂಭವವೆನ್ನಲಾರರು.